ಹಾಡು ಯಾರದು?

ಇಂಗ್ಲೆಂಡಿನ ಲಿವರ್‌ಪೂಲ್ ಪಟ್ಟಣದಲ್ಲಿ ಮ್ಯಾಥ್ಯೂ ಸ್ಟ್ರೀಟ್ ಎಂಬ ಇಕ್ಕಟ್ಟಾದ ಬೀದಿಯೊಂದುಂಟು. ಅಲ್ಲಿಯ ‘ಕ್ಯಾವರ್ನ್ ಕ್ಲಬ್’ ಎಂಬ ನೆಲಮಾಳಿಗೆಯಲ್ಲಿ 1961ರಿಂದ 1963ರ ವರೆಗೆ ಬೀಟಲ್ಸ್ ತಂಡದ ತರುಣರು ಹೆಚ್ಚುಕಡಿಮೆ ಮುನ್ನೂರು ಸಲ ಹಾಡಿದರು. ಆ ತಂಡವು 1970ರಲ್ಲಿಯೇ ಒಡೆದುಹೋಯಿತು. ಆ ನೆಲಮಾಳಿಗೆಯೂ 1973ರಲ್ಲಿ ಮುಚ್ಚಲ್ಪಟ್ಟು, 1984ರಲ್ಲಿ ಬಹುಮಟ್ಟಿಗೆ ಅದೇ ಸ್ಥಳದಲ್ಲಿ ಹೊಸದಾಗಿ ಕಟ್ಟಲ್ಪಟ್ಟಿತು. ತಂಡದ ನಾಲ್ವರಲ್ಲಿ ಜಾನ್ ಲೆನನ್ನರು 1980ರಲ್ಲಿ ಕೊಲೆಗಾರನೊಬ್ಬನ ಗುಂಡಿಗೆ ಬಲಿಯಾದರು. ಜಾರ್ಜ್ ಹ್ಯಾರಿಸನ್ನರು 2001ರಲ್ಲಿ ತೀರಿಕೊಂಡರು. ಆದರೂ ಆಗಸ್ಟ್ ತಿಂಗಳಿನಲ್ಲಿ ನಡೆಯುವ ಬೀಟಲ್ಸ್ ಉತ್ಸವಕ್ಕೆ ಹಲವು ದೇಶಗಳ ಅಭಿಮಾನಿಗಳು ಆ ಪಟ್ಟಣದಲ್ಲಿ ನೆರೆಯುತ್ತಾರೆ. ಹಾಡಿದವರು ಮೌನವಾದ ಮೇಲೆಯೂ ಹಾಡುಗಳು ಮೌನವಾಗಲಿಲ್ಲ. ಅವು ಬೇರೆ ಕೊರಳುಗಳನ್ನು ಹುಡುಕಿಕೊಂಡವು.

ಒಬ್ಬರು ಹಾಡಿ ಪ್ರಸಿದ್ಧಿಗೆ ತಂದ ಹಾಡನ್ನು ಮತ್ತೊಬ್ಬರು ತಮ್ಮ ರೀತಿಯಲ್ಲಿ ಹಾಡಿ ಮುದ್ರಿಸುವುದಕ್ಕೆ ಪಾಶ್ಚಾತ್ಯ ಸಂಗೀತಲೋಕದಲ್ಲಿ ‘ಕವರ್’ ಎಂದು ಹೆಸರು. ನಾವು ಇದನ್ನು ಮರುಗಾಯನವೆಂದು ಕರೆಯೋಣ. ಬೀಟಲ್ಸ್ ಅಭಿಮಾನಿಗಳು ಸೇರಿದರೆಂದರೆ ಎರಡು ಪ್ರಶ್ನೆಗಳು ಏಳದೆ ಹೋಗುವುದಿಲ್ಲ. ನಿಮಗೆ ಅತ್ಯಂತ ಪ್ರಿಯವಾದ ಹಾಡು ಯಾವುದು? ಅದನ್ನು ಮರಳಿ ಹಾಡಿದವರಲ್ಲಿ ಯಾರು ಮೇಲು? ಎರಡನೆಯ ಪ್ರಶ್ನೆ ಬಂದಾಗ ಪಂಗಡಗಳಾಗುತ್ತವೆ. ಮೂಲವೇ ಮೂಲ, ಉಳಿದುದೆಲ್ಲ ಅದರ ನೆರಳು ಎನ್ನುವವರು ಕೆಲವರು. ಮರುಗಾಯನದಲ್ಲಿ ಹಾಡಿಗೆ ಹೊಸ ಜೀವ ಬರುತ್ತದೆ ಎನ್ನುವವರು ಕೆಲವರು. ಈ ವಾದವನ್ನು ಕೇವಲ ಕಾಲಹರಣವೆಂದು ತಳ್ಳಿಹಾಕಲು ನಮಗೆ ಮನಸ್ಸು ಬಾರದು. ಇದರ ಹಿಂದೆ ಸಾಲದ ಮತ್ತು ನ್ಯಾಯದ ಪ್ರಶ್ನೆಯೊಂದು ಅಡಗಿದೆ.

ಮೂಲವಾದಿಗಳು ಮೊದಲು ನೆನೆಯಬೇಕಾದ ಸಂಗತಿಯೆಂದರೆ, ಬೀಟಲ್ಸರೇ ಮರುಗಾಯನದಿಂದ ತಮ್ಮ ವೃತ್ತಿಯನ್ನು ಆರಂಭಿಸಿದವರು ಎಂಬುದು. 1963ರಲ್ಲಿ ಹೊರಬಿದ್ದ ಅವರ ಮೊದಲನೆಯ ದೀರ್ಘ ಧ್ವನಿಮುದ್ರಿಕೆಯಲ್ಲಿ ಹಾಡುಗಳು 14. ಅವುಗಳಲ್ಲಿ 6 ಇತರರವು. ಆ ವರ್ಷದ ಫೆಬ್ರವರಿ 11ರಂದು ಲಂಡನ್ನಿನಲ್ಲಿ ಬೆಳಗಿನಿಂದ ರಾತ್ರಿಯ ವರೆಗೆ, ಒಂದೇ ದಿನದಲ್ಲಿ, ಅವರು 10 ಹಾಡುಗಳನ್ನು ಹಾಡಿ ಮುಗಿಸಿದರು. ಲೆನನ್ನರಿಗೆ ಆ ದಿನ ನೆಗಡಿ, ಗಂಟಲು ಒಡೆದಿತ್ತು. ‘ಟ್ವಿಸ್ಟ್ ಅಂಡ್ ಷೌಟ್’ ಎಂಬ ಹಾಡು ಗಂಟಲನ್ನು ಹರಿದುಹಾಕುವಂತಹುದಾದುದರಿಂದ ಅದನ್ನು ಕೊನೆಗೆ ಇಟ್ಟುಕೊಂಡಿದ್ದರು. ಮೊದಲ ಸಲ ಹಾಡಿದುದೇ ಇಂದಿಗೂ ಮುದ್ರಿಕೆಯಲ್ಲಿ ಉಳಿದಿದೆ. ಲೋಕದ ಬಹುಮಂದಿ ಅದನ್ನು ಬೀಟಲ್ಸರ ಹಾಡೆಂದೇ ಬಲ್ಲರು. ಆದರೆ ಅದನ್ನು ರಚಿಸಿದವರು ಅಮೆರಿಕದ ಫಿಲ್ ಮೆಡ್ಲಿ ಮತ್ತು ಬರ್ಟ್ ಬರ್ನ್ಸ್ ಎಂಬವರು. 1962ರಲ್ಲಿ ಅದನ್ನು ಹಾಡಿ ಜನಪ್ರಿಯಗೊಳಿಸಿದವರು ಐಸ್ಲಿ ಸಹೋದರರೆಂಬ ಕಪ್ಪು ಜನಾಂಗದ ಗಾಯಕರು. ಅವರಿಗೂ ಮುಂಚೆ, 1961ರಲ್ಲಿ, ‘ಟಾಪ್ ನೋಟ್ಸ್’ ಎಂಬ ತಂಡ ಅದನ್ನು ಹಾಡಿತ್ತು. ಹೀಗಿರುವಲ್ಲಿ ಮೂಲವೆಂಬುದು ಯಾವುದು?

ಇಲ್ಲಿ ಕಾನೂನಿನ ಮಾತೊಂದನ್ನು ತಿಳಿಸಬೇಕು. ಅಮೆರಿಕದಲ್ಲಿ 1909ರಿಂದ ಒಂದು ನಿಯಮ ನಡೆದುಬಂದಿದೆ. ಹಾಡೊಂದು ಅದರ ಒಡೆಯರ ಒಪ್ಪಿಗೆಯಿಂದ ಒಮ್ಮೆ ಮುದ್ರಿತವಾಗಿ ಹೊರಬಿದ್ದ ಮೇಲೆ, ಗೊತ್ತಾದ ಹಣವನ್ನು ಸಲ್ಲಿಸಿ ಬೇರೆ ಯಾರಾದರೂ ಅದನ್ನು ಮರಳಿ ಹಾಡಿ ಮುದ್ರಿಸಬಹುದು. ಆ ಹಣ ಸೇರುವುದು ರಚನೆಯ ಹಕ್ಕುಳ್ಳವರಿಗೆ. ಮೊದಲು ಹಾಡಿ, ಅದರ ವರಸೆಯನ್ನು ರೂಪಿಸಿ, ಜನರ ಕಿವಿಗೆ ಮುಟ್ಟಿಸಿದ ಗಾಯಕನಿಗೆ ಮರುಗಾಯನದಿಂದ ಏನೂ ದೊರೆಯುವುದಿಲ್ಲ. ರಚನೆಗೆ ಬೆಲೆಯುಂಟು, ದಾರಿ ತೋರಿಸಿದ ಕೊರಳಿಗೆ ಇಲ್ಲ.

ರಚಿಸಿ ಹಾಡಿದವರಿಗಾದರೂ ಸುಖವುಂಟೆಂದು ನಂಬುವಂತಿಲ್ಲ. ಅದೇ ಮೊದಲನೆಯ ಧ್ವನಿಮುದ್ರಿಕೆಯಲ್ಲಿ ‘ಅನ್ನಾ’ ಎಂಬ ವಿಷಾದದ ಹಾಡೊಂದಿದೆ. ಪ್ರೀತಿಸಿದವಳನ್ನು ಮತ್ತೊಬ್ಬನ ಬಳಿಗೆ ಹೋಗಗೊಡುವವನ ಅಳಲು ಅದು. ಅದನ್ನು ರಚಿಸಿ 1962ರಲ್ಲಿ ಹಾಡಿದವರು ಅಲಬಾಮ ಪ್ರಾಂತ್ಯದ ಆರ್ಥರ್ ಅಲೆಕ್ಸಾಂಡರ್ ಎಂಬ ಕಪ್ಪು ಜನಾಂಗದ ಕವಿಗಾಯಕರು. ಆ ಕಾಲದಲ್ಲಿ ತಾವು ಅವರಂತಾಗಲು ಹಂಬಲಿಸುತ್ತಿದ್ದೆವೆಂದು ಪಾಲ್ ಮಕಾರ್ಟ್ನಿಯವರೇ ಮುಂದೆ ಒಪ್ಪಿಕೊಂಡರು. ಬೀಟಲ್ಸರೂ ರೋಲಿಂಗ್ ಸ್ಟೋನ್ಸ್ ತಂಡದವರೂ ಯಾರ ಹಾಡುಗಳನ್ನು ಹಾಡಿದರೋ, ಆ ಅಲೆಕ್ಸಾಂಡರರು ಸಂಗೀತವೃತ್ತಿಯನ್ನು ತೊರೆದು, ಕ್ಲೀವ್‌ಲ್ಯಾಂಡ್ ನಗರದಲ್ಲಿ ಬಸ್ಸು ನಡೆಸಿ ಜೀವನ ಸಾಗಿಸಿದರು. 1993ರಲ್ಲಿ ಅವರ ಹೊಸ ಧ್ವನಿಮುದ್ರಿಕೆ ಹೊರಬಂದಿತು. ಆ ವರ್ಷವೇ ಅವರು ಕಾಲವಾದರು.

ಹಾಗಾದರೆ ಮರುಗಾಯನವೆಂಬುದು ಸಿರಿವಂತರು ಬಡವರ ತೋಟದ ಹೂ ಕೀಳುವ ಕೆಲಸವೇ? ಅಷ್ಟು ಸರಳವಾಗಿ ತೀರ್ಪು ಹೇಳುವಂತಿಲ್ಲ. ಬೀಟಲ್ಸರು ತಮ್ಮ ಗುರುಗಳ ಹೆಸರನ್ನು ಮುಚ್ಚಿಡಲಿಲ್ಲ. 1964ರಲ್ಲಿ ಫ್ಲಾರಿಡದ ಜ್ಯಾಕ್ಸನ್‌ವಿಲ್ ನಗರದಲ್ಲಿ, ಕಪ್ಪುಜನರನ್ನು ಬೇರೆ ಕೂಡಿಸುವ ಸಭೆಯಲ್ಲಿ ತಾವು ಹಾಡುವುದಿಲ್ಲವೆಂದು ಹಟ ಹಿಡಿದರು. ಆ ಭೇದವನ್ನು ಬಿಟ್ಟ ಮೇಲೆಯೇ ಹಾಡಿದರು. ಇನ್ನೊಬ್ಬರ ಸೊತ್ತನ್ನು ಅರಿಯದೆ ಎತ್ತಿಕೊಂಡೆವೇನೋ ಎಂಬ ಭಯವೂ ಅವರಲ್ಲಿತ್ತು. ‘ಯೆಸ್ಟರ್ಡೇ’ ಹಾಡಿನ ಧಾಟಿ ಮಕಾರ್ಟ್ನಿಯವರಿಗೆ ನಿದ್ದೆಯಿಂದ ಎದ್ದಾಗ ತಾನಾಗಿ ಹೊಳೆಯಿತಂತೆ. ಇಷ್ಟು ಸುಲಭವಾಗಿ ಬಂದುದು ತನ್ನದಾಗಿರಲಾರದೆಂದು ಶಂಕಿಸಿ, ಇದನ್ನು ಹಿಂದೆ ಎಲ್ಲಿಯಾದರೂ ಕೇಳಿದ್ದೀರಾ ಎಂದು ಅವರು ಅನೇಕ ದಿನ ಪರಿಚಿತರನ್ನೆಲ್ಲ ವಿಚಾರಿಸಿದರು. ಯಾರೂ ಕೇಳಿರಲಿಲ್ಲ. 1965ರಲ್ಲಿ ಪ್ರಕಟವಾದ ಆ ಹಾಡು ಅಂದಿನಿಂದ ಸಾವಿರಕ್ಕೂ ಮಿಕ್ಕಿ ಮರುಗಾಯನಗಳನ್ನು ಕಂಡಿದೆ.

ಇನ್ನು ಹೊಸ ಜೀವದ ಮಾತು. 1967ರ ‘ಸಾರ್ಜೆಂಟ್ ಪೆಪ್ಪರ್’ ಧ್ವನಿಮುದ್ರಿಕೆಯಲ್ಲಿ ಗೆಳೆಯರ ನೆರವನ್ನು ಕುರಿತ ಹಾಡೊಂದನ್ನು ರಿಂಗೋ ಸ್ಟಾರರು ಹಾಡಿದ್ದಾರೆ. ಅವರ ಕಂಠಕ್ಕೆ ಒಪ್ಪುವಂತೆ, ಹೆಚ್ಚು ಏರಿಳಿತವಿಲ್ಲದೆ, ಲಘುವಾಗಿ ಕಟ್ಟಿದ ಹಾಡು ಅದು. ಮರುವರ್ಷ ಷೆಫೀಲ್ಡಿನ ಜೋ ಕಾಕರ್ ಎಂಬ ತರುಣರು, ಹಿಂದೆ ಗ್ಯಾಸಿನ ಕೊಳವೆ ಜೋಡಿಸುವ ಕೆಲಸ ಮಾಡುತ್ತಿದ್ದವರು, ಅದರ ತಾಳವನ್ನೇ ಬದಲಿಸಿ, ನಡೆಯನ್ನು ನಿಧಾನಗೊಳಿಸಿ, ಎದೆ ಬಿರಿಯುವಂತೆ ಹಾಡಿದರು. ನಗುನಗುತ್ತ ಕೇಳಿದ ನೆರವು ಅವರ ಬಾಯಲ್ಲಿ ಮುಳುಗುವವನ ಕೂಗಾಯಿತು. 1969ರಲ್ಲಿ ವುಡ್‌ಸ್ಟಾಕಿನ ಮಹಾಸಭೆ ಅದನ್ನು ಕೇಳಿತು. ಮಕಾರ್ಟ್ನಿಯವರು ಇದರಿಂದ ಮುನಿಯಲಿಲ್ಲ; 2014ರಲ್ಲಿ ಕಾಕರರು ಗತಿಸಿದಾಗ ಈ ಹಾಡಿಗಾಗಿ ಕೃತಜ್ಞತೆಯನ್ನೇ ಸೂಚಿಸಿದರು. ‘ಲೆಟ್ ಇಟ್ ಬಿ’ ಹಾಡಿನ ಕಥೆ ಇನ್ನೂ ಸ್ವಾರಸ್ಯವಾದುದು. ಕನಸಿನಲ್ಲಿ ಕಂಡ ತೀರಿಹೋದ ತಾಯಿಯ ಸಾಂತ್ವನದಿಂದ ಮಕಾರ್ಟ್ನಿಯವರಿಗೆ ಹೊಳೆದ ಹಾಡು ಅದು. ಚರ್ಚಿನ ಭಜನೆಯಲ್ಲಿ ಬೆಳೆದ ಅರೀತಾ ಫ್ರ್ಯಾಂಕ್ಲಿನ್ನರ ಧ್ವನಿಮುದ್ರಿಕೆ 1970ರ ಜನವರಿಯಲ್ಲಿ ಹೊರಬಿದ್ದಿತು, ಬೀಟಲ್ಸರದು ಮಾರ್ಚಿಯಲ್ಲಿ. ಮರುಗಾಯನವೇ ಮೊದಲು ಬಂದಿತು!

ಸಾಲವು ಮರಳಿ ಸಂದುದಕ್ಕೂ ಒಂದು ನಿದರ್ಶನವುಂಟು. 1957ರಲ್ಲಿ ಅಮೆರಿಕದ ಲಿಟ್ಲ್ ರಾಕ್ ನಗರದಲ್ಲಿ ಬಿಳಿಯರ ಪಾಠಶಾಲೆಗೆ ಸೇರಲು ಹೋದ 9 ಮಂದಿ ಕಪ್ಪು ವಿದ್ಯಾರ್ಥಿಗಳನ್ನು ಜನರ ಗುಂಪು ಹೀಯಾಳಿಸಿ ತಡೆಯಿತು. ದಕ್ಷಿಣ ಪ್ರಾಂತ್ಯಗಳ ಇಂತಹ ಹೋರಾಟವನ್ನು ಮನಸ್ಸಿನಲ್ಲಿಟ್ಟು 1968ರಲ್ಲಿ ‘ಬ್ಲ್ಯಾಕ್‌ಬರ್ಡ್’ ಹಾಡನ್ನು ರಚಿಸಿದುದಾಗಿ ಮಕಾರ್ಟ್ನಿಯವರು ಹೇಳಿದ್ದಾರೆ. ಒಂದೇ ಕಂಠ, ಒಂದು ಗಿಟಾರು, ನೆಲಕ್ಕೆ ತಟ್ಟುವ ಕಾಲಿನ ಸದ್ದು; ಅದರಲ್ಲಿ ಮುಖ್ಯವಾಗಿ ಇರುವುದು ಇಷ್ಟೇ. 2016ರಲ್ಲಿ ಆ ಒಂಬತ್ತು ಮಂದಿಯಲ್ಲಿ ಇಬ್ಬರು ವೃದ್ಧ ಮಹಿಳೆಯರನ್ನು ಅವರು ಅದೇ ಊರಿನಲ್ಲಿ ಕಂಡರು. 2024ರಲ್ಲಿ ಬಿಯಾನ್ಸೆ ಎಂಬ ಪ್ರಖ್ಯಾತ ಗಾಯಕಿ ನಾಲ್ವರು ಕಪ್ಪು ಗಾಯಕಿಯರೊಡನೆ ಆ ಹಾಡನ್ನು ಮರಳಿ ಹಾಡಿದರು. ಹಿನ್ನೆಲೆಗೆ 1968ರ ಅದೇ ಗಿಟಾರಿನ ನುಡಿತವನ್ನೇ ಇರಿಸಿಕೊಂಡರು. ಯಾರನ್ನು ನೆನೆದು ಹಾಡು ಹುಟ್ಟಿತೋ ಅವರ ಮಕ್ಕಳ ಪೀಳಿಗೆಯ ಕೊರಳಿಗೇ ಅದು ಬಂದು ಸೇರಿತು.

ನಮ್ಮ ಮನೆಗಳಲ್ಲಿ ಒಂದೇ ದೇವರನಾಮವನ್ನು ಅತ್ತೆ ಒಂದು ಧಾಟಿಯಲ್ಲಿ, ಸೊಸೆ ಮತ್ತೊಂದು ರಾಗದಲ್ಲಿ ಹಾಡುವುದುಂಟು. ಯಾರು ಹೇಗೆ ಹಾಡಿದರೂ ಕೊನೆಯ ಚರಣದಲ್ಲಿ ದಾಸರ ಅಂಕಿತ ಬಾಯಿಗೆ ಬಂದೇ ಬರುವುದು. ರಚಿಸಿದವರನ್ನು ಮರೆಯಲು ಹಾಡೇ ಬಿಡುವುದಿಲ್ಲ. ಬೀಟಲ್ಸರ ಹಾಡುಗಳಿಗೆ ಅಂತಹ ಅಂಕಿತವಿಲ್ಲ. ಹೆಸರುಗಳು ಧ್ವನಿಮುದ್ರಿಕೆಯ ಮೇಲಿನ ಸಣ್ಣ ಅಕ್ಷರಗಳಲ್ಲಿರುತ್ತವೆ. ಅವನ್ನು ಓದುವ ಕೆಲಸ ಕೇಳುವವರ ಪಾಲಿಗೆ ಬಿದ್ದಿದೆ.

ಆದುದರಿಂದ ಯಾರು ಮೇಲೆಂಬ ವಾದವನ್ನು ಅಭಿಮಾನಿಗಳು ಬಿಡಬೇಕೆಂದು ನಾವು ಹೇಳುವುದಿಲ್ಲ. ಅದರ ಸವಿ ಅವರಿಗಿರಲಿ. ಅದರೊಡನೆ ಇನ್ನೆರಡು ಪ್ರಶ್ನೆಗಳು ಸೇರಲಿ. ಈ ಗಾಯಕರು ಯಾರಿಂದ ಪಡೆದರು? ಪಡೆದುದಕ್ಕೆ ತಮ್ಮದಾಗಿ ಏನನ್ನು ಸೇರಿಸಿದರು? ನಮ್ಮ ವಾಚಕರ ಮನೆಗಳಲ್ಲಿ ಈ ಹಾಡುಗಳನ್ನು ಮೆಚ್ಚುವ ತರುಣರಿದ್ದರೆ, ಬಿಡುವಿನ ಒಂದು ಸಂಜೆ ಅವರನ್ನು ಬಳಿಯಲ್ಲಿ ಕೂರಿಸಿಕೊಂಡು ‘ಅನ್ನಾ’ ಹಾಡನ್ನು ಎರಡು ಸಲ ಕೇಳಿ ನೋಡಬೇಕು. ಮೊದಲು ಅಲೆಕ್ಸಾಂಡರರದು, ಆಮೇಲೆ ಲೆನನ್ನರದು. ಯಾವುದು ಮೇಲೆಂಬುದನ್ನು ಮನೆಯವರೇ ತೀರ್ಮಾನಿಸಿಕೊಳ್ಳಲಿ. ಬಸ್ಸು ನಡೆಸಿ ಬದುಕಿದ ಆ ಕವಿಯ ಹೆಸರು ಆ ಸಂಜೆ ಒಮ್ಮೆ ಉಚ್ಚರಿಸಲ್ಪಟ್ಟರೆ ಸಾಕು.