ಬರೆದುದೆಲ್ಲ ಕಡತವನ್ನು ಸೇರುವುದೆ?

ಮಲೆನಾಡಿಗೂ ಬಯಲುಸೀಮೆಗೂ ನಡುವಣ ಸೆರಗಿನಲ್ಲಿರುವ ಧಾರವಾಡ ಜಿಲ್ಲೆಯಲ್ಲಿ ಮಳೆಯ ಲೆಕ್ಕವಿಡುವುದು ಸ್ವಾರಸ್ಯದ ಕೆಲಸ. ಪಡುವಣದ ಅಳ್ನಾವರ, ಕಲಘಟಗಿಗಳ ಕಡೆಗೆ ಸುರಿದಷ್ಟು ಮಳೆ ಮೂಡಣದ ನವಲಗುಂದದ ಎರೆಭೂಮಿಗೆ ದಕ್ಕುವುದಿಲ್ಲ. ಹುಬ್ಬಳ್ಳಿ-ಧಾರವಾಡದ ಕೆಲವು ವಿದ್ಯಾರ್ಥಿಗಳು ಮಳೆಮಾಪಕವೊಂದನ್ನಿರಿಸಿ, ಪ್ರತಿದಿನದ ಅಂಕಿಯನ್ನು ಗಣಕಯಂತ್ರದ ಕಡತಕ್ಕೆ ಬರೆಯಿಸುವ ಪ್ರೋಗ್ರಾಮನ್ನು ಸಿ ಭಾಷೆಯಲ್ಲಿ ರಚಿಸಿದರೆಂದು ಊಹಿಸೋಣ. ಜೂನ್ ಮೊದಲಿನಿಂದ ಸೆಪ್ಟೆಂಬರ್ ಕೊನೆಯವರೆಗೆ, 122 ದಿನ, ಯಂತ್ರವು ಎಡೆಬಿಡದೆ ನಡೆಯಿತು. ಕೊನೆಯ ಸಂಜೆ ವಿದ್ಯುತ್ತು ಕೈಕೊಟ್ಟಿತು. ಮರುದಿನ ಕಡತವನ್ನು ತೆರೆದು ನೋಡಿದರೆ ಅದರಲ್ಲಿ ಒಂದಕ್ಷರವೂ ಇಲ್ಲ! ಯಂತ್ರ ಕೆಟ್ಟಿಲ್ಲ; ಪ್ರೋಗ್ರಾಮು ಒಂದು ಬಾರಿಯೂ ದೋಷವನ್ನು ಸೂಚಿಸಿಲ್ಲ. ಇದು ಸಾಧ್ಯವೆ? ಸಂಪೂರ್ಣವಾಗಿ ಸಾಧ್ಯ. ಹೇಗೆಂಬುದನ್ನು ತಿಳಿಯಬೇಕಾದರೆ ಅಕ್ಷರಗಳು ಕಡತಕ್ಕೆ ಸಾಗುವ ಹಾದಿಯನ್ನು ನಾವು ಅನುಸರಿಸಿ ನೋಡಬೇಕು.

ಸಿ ಭಾಷೆಯನ್ನು 1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿ ಎಂಬವರು ರೂಪಿಸಿದರು. ಅದರಲ್ಲಿ ಕಡತ, ತೆರೆ, ಮುದ್ರಣಯಂತ್ರ ಎಲ್ಲವನ್ನೂ ಒಂದೇ ಬಗೆಯಾಗಿ 'ಸ್ಟ್ರೀಮ್' ಅಥವಾ ಪ್ರವಾಹವೆಂದು ಭಾವಿಸಲಾಗುತ್ತದೆ. ಕಾಲುವೆಗೆ ನೀರು ಬಿಟ್ಟವನು ಆಚೆಯ ತುದಿಯಲ್ಲಿರುವುದು ಹೊಲವೋ ಕೆರೆಯೋ ಎಂದು ವಿಚಾರಿಸಬೇಕಿಲ್ಲ, ಇದೂ ಹಾಗೆಯೇ. ಬರೆಯುವ ಕ್ರಿಯೆಗೆ ಮೂರು ಹಂತಗಳು. 'ಎಫ್‌ಓಪನ್' ಪ್ರವಾಹವನ್ನು ತೆರೆಯುತ್ತದೆ. 'ಎಫ್‌ಪುಟ್ಸ್' ಅಕ್ಷರಮಾಲೆಯನ್ನು ಅದರಲ್ಲಿ ಬಿಡುತ್ತದೆ. 'ಎಫ್‌ಕ್ಲೋಸ್' ಅದನ್ನು ಮುಚ್ಚುತ್ತದೆ. ತೆರೆಯುವಾಗ 'ಡಬ್ಲ್ಯೂ' ಎಂದು ಸೂಚಿಸಿದರೆ ಕಡತದಲ್ಲಿ ಮೊದಲಿದ್ದುದೆಲ್ಲ ಅಳಿಸಿಹೋಗುತ್ತದೆ. 'ಎ' ಎಂದರೆ ಹಳೆಯದು ಉಳಿದು ಹೊಸದು ಕೊನೆಯಲ್ಲಿ ಸೇರುತ್ತದೆ. ಈ ಒಂದಕ್ಷರದ ಅಂತರದಿಂದ ನಿನ್ನೆಯವರೆಗಿನ ಲೆಕ್ಕವೆಲ್ಲ ಇಲ್ಲವಾಗಬಹುದು.

ಇನ್ನು ಅಕ್ಷರಮಾಲೆಯ ವಿಚಾರ. ಸಿ ಭಾಷೆಯಲ್ಲಿ ಅದು ಬೈಟುಗಳ ಸಾಲು. ಸಾಲಿನ ಕೊನೆಯನ್ನು ಸೊನ್ನೆಯ ಬೆಲೆಯುಳ್ಳ ಒಂದು ಬೈಟು ಸೂಚಿಸುತ್ತದೆ. 'ಎಫ್‌ಪುಟ್ಸ್' ಈ ಸೊನ್ನೆಯನ್ನು ಕಾಣುವವರೆಗೆ ಬರೆಯುತ್ತದೆ. ಸೊನ್ನೆಯನ್ನು ಮಾತ್ರ ಬರೆಯುವುದಿಲ್ಲ. ಹೊಸ ಸಾಲಿನ ಗುರುತನ್ನೂ ತಾನಾಗಿ ಸೇರಿಸುವುದಿಲ್ಲ. ಅದನ್ನು ನಾವೇ ಕೊಡಬೇಕು.

ಇಂಗ್ಲಿಷನ್ನು ಗಮನದಲ್ಲಿಟ್ಟು ಮಾಡಿದ ಈ ಏರ್ಪಾಡು ಕನ್ನಡವನ್ನು ಹೊತ್ತೀತೆ? ಹೊರುತ್ತದೆ. 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ 'ಯುಟಿಎಫ್-8' ಎಂಬ ಸಂಕೇತಕ್ರಮದಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಗೂ ಮೂರು ಬೈಟುಗಳು; 'ಧ' ಎಂಬುದು 224, 178, 167 ಎಂಬ ಮೂರು ಸಂಖ್ಯೆಗಳಾಗಿ ಸಾಗುತ್ತದೆ. ಇವುಗಳಲ್ಲಿ ಯಾವುದೂ ಎಂದಿಗೂ ಸೊನ್ನೆಯಾಗದಂತೆ ಆ ಕ್ರಮವನ್ನು ಹೆಣೆಯಲಾಗಿದೆ. ಆದಕಾರಣ 'ಎಫ್‌ಪುಟ್ಸ್' ನಡುದಾರಿಯಲ್ಲಿ ನಿಲ್ಲುವುದಿಲ್ಲ. 'ಧಾರವಾಡ' ಎಂಬುದರಲ್ಲಿ ನಮ್ಮ ಕಣ್ಣಿಗೆ ಕಾಣುವುದು ನಾಲ್ಕು ಅಕ್ಷರ. ದೀರ್ಘಗಳೂ ಸೇರಿ ಆರು ಚಿಹ್ನೆ. ಕಡತದಲ್ಲಿ 18 ಬೈಟು. ಹತ್ತು ಬೈಟು ಮಾತ್ರ ಬರೆಯೆಂದು ಹೇಳಿದರೆ 'ಧಾರ' ಎಂಬಲ್ಲಿಗೆ ಒಂಬತ್ತು ಮುಗಿದು, 'ವ'ಕಾರದ ಮೂರನೆಯ ಒಂದು ಪಾಲು ಅನಾಥವಾಗಿ ಉಳಿಯುತ್ತದೆ.

ಈಗ ನಮ್ಮ ಒಗಟಿಗೆ ಬರೋಣ. 'ಧಾರವಾಡ 12.4' ಎಂಬ ಸಾಲಿಗೆ ಊರಿನ ಹೆಸರು 18, ತೆರಪು 1, ಅಂಕಿ 4, ಹೊಸ ಸಾಲಿನ ಗುರುತು 1, ಒಟ್ಟು 24 ಬೈಟು. ಇದು ನೇರವಾಗಿ ಡಿಸ್ಕಿಗೆ ಹೋಗುವುದಿಲ್ಲ. ಹುಬ್ಬಳ್ಳಿಯ ಟಂಟಂ ಒಬ್ಬನೇ ಪ್ರಯಾಣಿಕನಿಗಾಗಿ ಹೊರಡದೆ, ಆಸನಗಳು ತುಂಬುವವರೆಗೆ ಕಾಯುವುದಷ್ಟೆ? ಅದರಂತೆ ಬೈಟುಗಳು ಮೊದಲು ಸ್ಮರಣೆಯಲ್ಲಿರುವ 'ಬಫರ್' ಎಂಬ ತಂಗುದಾಣದಲ್ಲಿ ಕೂಡುತ್ತವೆ. ಅದು ತುಂಬಿದ ಮೇಲೆಯೇ ಹೊರಡುತ್ತವೆ. ಡಿಸ್ಕಿಗೆ ಮತ್ತೆ ಮತ್ತೆ ಅಲೆಯುವ ಕಾಲ ಇದರಿಂದ ಉಳಿಯುತ್ತದೆ. ಅನೇಕ ಯಂತ್ರಗಳಲ್ಲಿ ಈ ತಂಗುದಾಣದ ಅಳತೆ 4,096 ಬೈಟು. ದಿನಕ್ಕೆ 24ರಂತೆ 122 ದಿನಗಳಿಗೆ ಆಗುವುದು 2,928 ಬೈಟು ಮಾತ್ರ! ಇಡೀ ಮಳೆಗಾಲವೇ ಆ ತಂಗುದಾಣದಲ್ಲಿ ಕಾಯುತ್ತ ಕುಳಿತಿತ್ತು. ವಿದ್ಯುತ್ತು ಹೋದೊಡನೆ ಸ್ಮರಣೆಯೊಂದಿಗೆ ಅಳಿದುಹೋಯಿತು.

ಪ್ರತಿದಿನವೂ 'ಎಫ್‌ಪುಟ್ಸ್' ಯಶಸ್ಸನ್ನೇ ಸಾರಿದ್ದಿತಲ್ಲ ಎಂದು ಕೇಳಬಹುದು. ಅದು ಹೇಳಿದುದು ಸುಳ್ಳಲ್ಲ. 'ಬಫರಿಗೆ ಒಪ್ಪಿಸಿದೆ' ಎಂಬುದಷ್ಟೇ ಅದರ ಮಾತಿನ ಅರ್ಥ. 'ಡಿಸ್ಕಿಗೆ ತಲಪಿತು' ಎಂದಲ್ಲ. ಡಿಸ್ಕಿನಲ್ಲಿ ಸ್ಥಳವಿಲ್ಲದಿದ್ದರೂ ಆ ಸುದ್ದಿ ಅನೇಕ ವೇಳೆ ತಿಳಿಯುವುದು 'ಎಫ್‌ಕ್ಲೋಸ್' ಮಾಡುವಾಗಲೇ. ಆದುದರಿಂದ ಅದು ಮರಳಿಸುವ ಉತ್ತರವನ್ನು ಪರೀಕ್ಷಿಸದೆ ಬಿಡುವುದು ರಸೀತಿ ಪಡೆಯದೆ ಹಣ ಕಟ್ಟಿದಂತೆ.

ಪರಿಹಾರ ಸುಲಭ. ಪ್ರತಿದಿನವೂ ಕಡತವನ್ನು 'ಎ' ವಿಧಾನದಲ್ಲಿ ತೆರೆದು, ಒಂದು ಸಾಲು ಬರೆದು, ಮುಚ್ಚಿಬಿಡಬಹುದು. ಇಲ್ಲವೆ ಸಾಲು ಬರೆದೊಡನೆ 'ಎಫ್‌ಫ್ಲಶ್' ಎಂದು ಆಜ್ಞಾಪಿಸಿದರೆ, ತುಂಬದಿದ್ದರೂ ಟಂಟಂ ಹೊರಡುತ್ತದೆ. ಆದರೆ ಈ ಎರಡು ಕ್ರಮಗಳೂ ಬೈಟುಗಳನ್ನು ಕಾರ್ಯಾಚರಣ ವ್ಯವಸ್ಥೆಯ ಕೈಗೆ ಒಪ್ಪಿಸುತ್ತವೆ, ಅಷ್ಟೆ. ಆ ವ್ಯವಸ್ಥೆಯೂ ಅವುಗಳನ್ನು ಕೊಂಚಕಾಲ ತನ್ನಲ್ಲಿ ತಡೆದಿಟ್ಟುಕೊಳ್ಳುವುದುಂಟು. ಅಲ್ಲಿಂದ ಡಿಸ್ಕಿಗೆ ಇಳಿಸಿಯೇ ತೀರಬೇಕೆಂದರೆ ಯುನಿಕ್ಸ್, ಲಿನಕ್ಸ್‌ಗಳಲ್ಲಿ, ಫ್ಲಶ್ ಆದ ಬಳಿಕ, 'ಎಫ್‌ಸಿಂಕ್' ಎಂಬ ಬೇರೊಂದು ಆಜ್ಞೆ ಇದೆ.

ಒಮ್ಮೆ ಸುರಿದ ಮಳೆಯನ್ನು ಮತ್ತೆ ಅಳೆಯಲಾಗದು. ಅಂಕಿಯನ್ನು ಎಚ್ಚರದಿಂದ ಓದಿದ ಶ್ರಮವು ಸಾರ್ಥಕವಾಗಬೇಕಾದರೆ, ಅದು ಕಡತವನ್ನು ಮುಟ್ಟಿತೇ ಎಂದು ಕೊನೆಯವರೆಗೆ ವಿಚಾರಿಸುವ ಅಭ್ಯಾಸವೂ ಬೇಕು. ಪ್ರೋಗ್ರಾಮು ಬರೆಯಲು ಕಲಿಯುತ್ತಿರುವ ವಿದ್ಯಾರ್ಥಿಗಳು ಈ ಅಭ್ಯಾಸವನ್ನು ಮೊದಲ ಪಾಠದಿಂದಲೇ ರೂಢಿಸಿಕೊಳ್ಳುವುದು ಒಳ್ಳೆಯದು.