ಗೋಡೆಯ ತೇವ: ಕಾರಣ ಮತ್ತು ಅಳತೆ

ಮಳೆಗಾಲದಲ್ಲಿ ಜೆ.ಪಿ. ನಗರದ ಮನೆಗಳಲ್ಲಿಯೂ ಗೋಡೆಯ ಬುಡದ ಬಣ್ಣ ಉಬ್ಬಿ ಉದುರುವುದುಂಟು. ಹೊಸ ಬಣ್ಣ ಬಳಿಸಿದರೆ ಮರುವರ್ಷ ಅದೂ ಉದುರುತ್ತದೆ. ಬೂಸಲು ಹಬ್ಬಿದರಂತೂ ಉಬ್ಬಸದ ರೋಗಿಗಳಿಗೆ ಕಷ್ಟ. ತೇವದ ಮೂಲವನ್ನರಿಯದೆ ಮಾಡಿದ ವೆಚ್ಚವೆಲ್ಲ ವ್ಯರ್ಥ.

ಇಟ್ಟಿಗೆ, ಗಾರೆಗಳ ಸೂಕ್ಷ್ಮ ರಂಧ್ರಗಳು ಲೋಮನಾಳಗಳಂತೆ ನೆಲದ ನೀರನ್ನು ಮೇಲಕ್ಕೆಳೆಯುತ್ತವೆ. ಗಾಜಿನ ನಾಳದ ತ್ರಿಜ್ಯ 1 ಮಿಲಿಮೀಟರ್ ಇದ್ದರೆ ನೀರು ಸುಮಾರು 1.5 ಸೆಂಟಿಮೀಟರ್ ಏರುತ್ತದೆ. ತ್ರಿಜ್ಯವು ಅದರ ನೂರನೆಯ ಒಂದು ಪಾಲಾದರೆ, ಲೆಕ್ಕದಂತೆ ಸುಮಾರು 1.5 ಮೀಟರ್!

ಆದರೆ ತೇವವೆಲ್ಲವೂ ನೆಲದಿಂದ ಬಂದುದಲ್ಲ. ಗಾಳಿಯಲ್ಲಿರುವ ಆವಿಯೂ ತಂಪಾದ ಗೋಡೆಯ ಮೇಲೆ ಹನಿಗಟ್ಟಬಹುದು. ಇದನ್ನು ನೀವೇ ಪರೀಕ್ಷಿಸಬಹುದು. ಪಾಲಿಥೀನ್ ಹಾಳೆಯೊಂದರ ನಾಲ್ಕು ಅಂಚುಗಳನ್ನೂ ಗೋಡೆಗೆ ಬಿಗಿಯಾಗಿ ಅಂಟಿಸಿ, ಎರಡು ದಿನ ಬಿಡಿರಿ. ಹೊರಮೈ ಒದ್ದೆಯಾದರೆ ತೇವವು ಗಾಳಿಯದು. ಒಳಮೈ ಒದ್ದೆಯಾದರೆ ಗೋಡೆಯೊಳಗಿನದು.

ಇನ್ನು ಅಳತೆ. ತೇವಮಾಪಕದ ಎರಡು ಮೊನೆಗಳನ್ನು ಗೋಡೆಗೆ ಒತ್ತಿದಾಗ ಅದು ವಿದ್ಯುತ್ ರೋಧವನ್ನು ಅಳೆಯುತ್ತದೆ. ತೇವ ಹೆಚ್ಚಿದಂತೆ ರೋಧ ಇಳಿಯುತ್ತದೆ. ಆದರೆ ನೀರಿನೊಡನೆ ಏರಿಬಂದ ಲವಣಗಳೂ ರೋಧವನ್ನಿಳಿಸುವುದರಿಂದ, ಉಪಕರಣವು ಇಲ್ಲದ ತೇವವನ್ನು ತೋರಿಸಬಹುದು. ಆಗ ನೆಚ್ಚಬೇಕಾದುದು ತಕ್ಕಡಿಯನ್ನೇ. ಗೋಡೆಯನ್ನು ಕೊರೆದು ತೆಗೆದ ಪುಡಿಯನ್ನು ಕೂಡಲೇ ತೂಗಿ, 105 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ತೂಕ ಸ್ಥಿರವಾಗುವವರೆಗೆ ಒಣಗಿಸಿ, ಮತ್ತೆ ತೂಗಬೇಕು. 54 ಗ್ರಾಂ ಪುಡಿ 50 ಗ್ರಾಂಗೆ ಇಳಿದರೆ, ಒಣತೂಕದ ಶೇಕಡಾ 8ರಷ್ಟು ನೀರಿತ್ತೆಂದು ತಿಳಿಯಬೇಕು. ಬೇರೆ ಬೇರೆ ಎತ್ತರಗಳ ಪುಡಿಯನ್ನು ಹೀಗೆ ತೂಗಿದಾಗ, ತೇವವು ಮೇಲಕ್ಕೆ ಹೋದಂತೆ ಕಡಮೆಯಾಗುತ್ತಿದ್ದರೆ ನೆಲವನ್ನು ಶಂಕಿಸಬಹುದು. ನಡುವೆ ಒಂದೆಡೆ ಮಾತ್ರ ಹೆಚ್ಚಿದ್ದರೆ ಸೋರುವ ಕೊಳಾಯಿಯನ್ನು ಹುಡುಕಬೇಕು. ಬಣ್ಣದ ಮಾತು ಆಮೇಲಿನದು.