ಸೀಮೆ ಮತ್ತು ಕ್ಷೇತ್ರ: ಎರಡು ಅವ್ಯಕ್ತಗಳ ಅಸಮತೆಯ ರೇಖಾಲೇಖನ

ಸಂಸ್ಕೃತದಲ್ಲಿ 'ಸೀಮಾ' ಎಂಬುದಕ್ಕೆ ಎಲ್ಲೆಗೆರೆಯೆಂಬುದು ಮುಖ್ಯಾರ್ಥ. ಕನ್ನಡದ 'ಸೀಮೆ'ಯಾದರೋ ಎಲ್ಲೆಯನ್ನೂ, ಎಲ್ಲೆಯೊಳಗಣ ನಾಡನ್ನೂ ಹೇಳುವುದು. ಕಿತ್ತೂರುಸೀಮೆಯೆಂದಾಗ ಯಾರೂ ಬರಿಯ ಗೆರೆಯೊಂದನ್ನು ಭಾವಿಸರು. ಸಮೀಕರಣಕ್ಕೂ ಅಸಮತೆಗೂ ಇರುವ ಭೇದವು ಈ ಎರಡರ್ಥಗಳ ಭೇದದಂತೆಯೇ ಇದೆ. ಸಮೀಕರಣವು ಗೆರೆಯನ್ನು ಕೊಡುವುದು. ಅಸಮತೆಯು ಗೆರೆಯ ಒಂದು ಮಗ್ಗುಲಿನ ಕ್ಷೇತ್ರವನ್ನೇ ಕೊಡುವುದು.

ಭಾಸ್ಕರಾಚಾರ್ಯರು 12ನೆಯ ಶತಮಾನದ ತಮ್ಮ ಬೀಜಗಣಿತದಲ್ಲಿ ಅವ್ಯಕ್ತರಾಶಿಗಳನ್ನು ಯಾವತ್ತಾವತ್, ಕಾಲಕ ಮೊದಲಾದ ಹೆಸರುಗಳ ಆದ್ಯಕ್ಷರಗಳಿಂದ ಸೂಚಿಸಿದರು. ನಾವೂ 'ಯಾ', 'ಕಾ' ಎಂದೇ ಬರೆಯುವೆವು. ರಾಶಿಗಳ ಸಂಬಂಧವನ್ನು ಸಮತಲದ ಗೆರೆಯಾಗಿ ಕಾಣುವ ಮಾರ್ಗವು 1637ರಲ್ಲಿ ಪ್ರಕಟವಾದ ಡೆಕಾರ್ಟನ ಗ್ರಂಥದಿಂದ ಪ್ರಸಿದ್ಧವಾಯಿತು. ಹೆಚ್ಚುಕಡಮೆಗಳ ಚಿಹ್ನೆಗಳು 1631ರಲ್ಲಿ, ಹ್ಯಾರಿಯಟನ ಮರಣಾನಂತರ ಹೊರಬಂದ ಗ್ರಂಥದಲ್ಲಿ ಅಚ್ಚಾದುವು.

ಇನ್ನು ಉದಾಹರಣೆ. ಸವದತ್ತಿ ತಾಲೂಕಿನ ನವಿಲುತೀರ್ಥದಲ್ಲಿ ಮಲಪ್ರಭೆಯನ್ನು ತಡೆದು ನಿಲ್ಲಿಸಿದ ರೇಣುಕಾಸಾಗರವು ಸುಮಾರು 37.73 ಶತಕೋಟಿ ಘನ ಅಡಿ ನೀರನ್ನು ಹಿಡಿಯಬಲ್ಲುದು. ಅದರ ನೀರು ಎಡದಂಡೆ, ಬಲದಂಡೆಗಳ ಕಾಲುವೆಗಳಿಗೆ ಹಂಚಿಹೋಗುವುದು. ಕಲ್ಪಿತಸಂಖ್ಯೆಗಳನ್ನು ಹಿಡಿದು, ಎಡಗಾಲುವೆಗೆ 'ಯಾ' ಪಾಲು, ಬಲಗಾಲುವೆಗೆ 'ಕಾ' ಪಾಲು, ಒಟ್ಟು 12 ಪಾಲನ್ನು ಮೀರಲಾಗದು ಎನ್ನೋಣ:

ಯಾ + ಕಾ ≤ 12

ಅಡ್ಡ ಅಕ್ಷದಲ್ಲಿ ಯಾ, ನೆಟ್ಟ ಅಕ್ಷದಲ್ಲಿ ಕಾ. ಮೊದಲು ಯಾ + ಕಾ = 12 ಎಂದು ಭಾವಿಸಿ, (12, 0), (0, 12) ಎಂಬ ಬಿಂದುಗಳನ್ನು ಕೂಡಿಸಿದರೆ ಸೀಮಾರೇಖೆ ದೊರೆಯುವುದು. ಯಾವ ಮಗ್ಗುಲು ಗ್ರಾಹ್ಯವೆಂಬುದನ್ನು ಮೂಲಬಿಂದುವಿನಿಂದ ಪರೀಕ್ಷಿಸಬೇಕು. 0 + 0 ≤ 12 ಎಂಬುದು ಸತ್ಯ. ಆದುದರಿಂದ ಮೂಲಬಿಂದುವಿರುವ ಮಗ್ಗುಲೇ ಗ್ರಾಹ್ಯ. ರೇಖೆಯು ಮೂಲಬಿಂದುವಿನ ಮೂಲಕವೇ ಹಾದುಹೋದರೆ, ರೇಖೆಯ ಮೇಲಿಲ್ಲದ ಬೇರೊಂದು ಬಿಂದುವನ್ನು ಆರಿಸಬೇಕು. '12ನ್ನು ಮೀರದೆ' ಎಂದಾಗ ರೇಖೆಯೂ ಕ್ಷೇತ್ರಕ್ಕೆ ಸೇರುವುದು, ಅದನ್ನು ಅಖಂಡವಾಗಿ ಎಳೆಯಬೇಕು. '12ಕ್ಕಿಂತ ಕಡಮೆ' ಎಂದಾಗ ಸೇರದು, ತುಂಡುಗೆರೆಯಾಗಿ ಎಳೆಯಬೇಕು.

ಎಡಕ್ಕೆ 3ಕ್ಕಿಂತ, ಬಲಕ್ಕೆ 4ಕ್ಕಿಂತ ಕಡಮೆಯಾಗಬಾರದೆಂಬ ನಿಯಮವೂ ಇರಲಿ: ಯಾ ≥ 3, ಕಾ ≥ 4. ಇಲ್ಲಿ ಸಾಹಿತ್ಯಾಧ್ಯಾಪಕರ ನೆರವು ಬೇಕು. 'ಕಡಮೆ' ಎಂಬ ಶಬ್ದವನ್ನು ಕಂಡೊಡನೆ ಕಡಮೆಯ ಚಿಹ್ನೆಯನ್ನು ಬರೆಯುವ ವಿದ್ಯಾರ್ಥಿಯು 'ಬಾರದು' ಎಂಬ ನಿಷೇಧವನ್ನು ಬಿಟ್ಟು ವಿರುದ್ಧಕ್ಷೇತ್ರವನ್ನು ಹಿಡಿಯುವನು. ಇದು ಗಣಿತದೋಷವಲ್ಲ, ಅನ್ವಯದೋಷ.

ಮೂರು ನಿಯಮಗಳೂ ಕೂಡಿದಲ್ಲಿ (3, 4), (8, 4), (3, 9) ಎಂಬ ಕೋಣಗಳ ತ್ರಿಭುಜವೊಂದು ಉಳಿಯುವುದು. ಅದರೊಳಗಣ ಯಾವ ಬಿಂದುವಾದರೂ ನಿಯಮಕ್ಕೆ ಒಪ್ಪುವ ಹಂಚಿಕೆಯೇ. ಅವುಗಳಲ್ಲಿ ಯಾವುದು ನ್ಯಾಯವೆಂಬುದನ್ನು ಚಿತ್ರವು ಹೇಳದು.

ಮಳೆ ತಪ್ಪಿ ಒಟ್ಟು 6 ಪಾಲಷ್ಟೇ ಇದ್ದರೆ? ಕನಿಷ್ಠಗಳೆರಡೂ ಸೇರಿ 7 ಆಗುವುವು. ಆಗ ಕ್ಷೇತ್ರವು ಶೂನ್ಯ. ಎಷ್ಟು ಜಾಣ್ಮೆಯಿಂದ ಎಳೆದರೂ ಎರಡು ದಂಡೆಗಳಿಗೂ ಒಪ್ಪುವ ಒಂದು ಬಿಂದುವೂ ಸಿಗದು. ಯಾವುದಾದರೊಂದು ಸೀಮೆ ಹಿಂದೆ ಸರಿಯಲೇಬೇಕು. ಯಾವುದು ಸರಿಯಬೇಕೆಂಬುದು ಗಣಿತಜ್ಞನ ಪ್ರಶ್ನೆಯಲ್ಲ, ಊರವರದು. ಆದರೆ ಸರಿಯದೆ ಗತ್ಯಂತರವಿಲ್ಲವೆಂಬುದನ್ನು ಜಗಳಕ್ಕೆ ಮುನ್ನವೇ ತೋರಿಸಿಕೊಡುವುದು ಈ ಲೇಖನವಿಧಾನದ ಪ್ರಯೋಜನ.